ಪ್ಲ್ಯಾಬ್ ಬರೆಯಲು ಹೊರಟ ನಮ್ಮ ಭಾಗದ ವೈದ್ಯರಿಗೆ: ಪಾಸ್‌ಪೋರ್ಟಿನಿಂದ ಮ್ಯಾಂಚೆಸ್ಟರ್‌ವರೆಗೆ

"ಸರ್, ಯುಕೆಗೆ ಹೋಗ್ಬೇಕಂತ ಮಾಡೀನ್ರಿ, ಪ್ಲ್ಯಾಬ್‌ಗೆ ಯಾವ ಬುಕ್ ಓದ್ಲಿ?"

ಬಳ್ಳಾರಿ, ರಾಯಚೂರು, ಕೊಪ್ಪಳದ ಮೆಡಿಕಲ್ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಮುಗಿಸುತ್ತಿರುವವರು ಕೇಳುವ ಪ್ರಶ್ನೆ ವರ್ಷಗಳಿಂದ ಇದೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿ ಬರೆದಿಡುವುದು ಒಳ್ಳೆಯದೆನ್ನಿಸಿತು. ನಮ್ಮವರು ಓದಿನಲ್ಲಿ ಸೋತದ್ದನ್ನು ನಾನು ಕಂಡಿದ್ದು ಕಡಿಮೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು ಹೆಸರು, ಪಾಸ್‌ಪೋರ್ಟಿನಲ್ಲೊಂದು ಹೆಸರು ಇದ್ದು ತಿಂಗಳುಗಟ್ಟಲೆ ಕಳೆದುಕೊಂಡವರನ್ನು ಕಂಡಿದ್ದೇನೆ. ಪ್ಲ್ಯಾಬ್ ಪರೀಕ್ಷೆಯ ಮೊದಲ ಭಾಗವನ್ನು ಸಲೀಸಾಗಿ ಪಾಸು ಮಾಡಿ, ಎರಡನೆಯದರಲ್ಲಿ ರೋಗಿಯ ಮುಂದೆ ಕೂತು ಮಾತಾಡಿದ ರೀತಿಗೇ ಫೇಲಾದವರನ್ನೂ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಕಾಗದಕ್ಕೆ ಮತ್ತು ಮಾತಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಎರಡು ಹೆಸರು ತಿಳಿದಿರಲಿ. ಜಿಎಂಸಿ ಎಂದರೆ ಜನರಲ್ ಮೆಡಿಕಲ್ ಕೌನ್ಸಿಲ್. ನಮ್ಮಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತು ಮಾಡುವ ನೋಂದಣಿ ಕೆಲಸವನ್ನು ಬ್ರಿಟನ್ನಿನಲ್ಲಿ ಮಾಡುವುದು ಅದು. ಹೊರದೇಶದಲ್ಲಿ ಓದಿದ ವೈದ್ಯರಿಗೆ ಜಿಎಂಸಿ ನಡೆಸುವ ಪರೀಕ್ಷೆಯೇ ಪ್ಲ್ಯಾಬ್. ಮೊದಲ ಭಾಗ ಬರವಣಿಗೆ, ಎರಡನೇ ಭಾಗ ರೋಗಿಯ ಪಾತ್ರ ಮಾಡುವ ನಟರ ಮುಂದೆ ನಡೆಯುವ ಪ್ರಾಯೋಗಿಕ ಪರೀಕ್ಷೆ. 2024ರಿಂದ ಬ್ರಿಟನ್ನಿನ ವಿದ್ಯಾರ್ಥಿಗಳಿಗೂ ಎಂಎಲ್ಎ ಎಂಬ ಪರವಾನಗಿ ಪರೀಕ್ಷೆ ಬಂದಿದೆ. ಪ್ಲ್ಯಾಬ್ ಹೆಸರು ಹಾಗೇ ಇದೆ, ಆದರೆ ಪಠ್ಯ ಈಗ ಆ ಎಂಎಲ್ಎ ವಿಷಯಪಟ್ಟಿಗೆ ಹೊಂದಿಕೊಂಡಿದೆ. ಜಿಎಂಸಿ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಹಳೆಯ ನೋಟ್ಸ್ ಕೈಗೆ ಬಂದರೆ ಮೊದಲು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಹಂತ 1: ದೇಶ ಯಾವುದೆಂದು ತೀರ್ಮಾನಿಸಿ

ಗೆಳೆಯ ಹೊರಟ ಎಂದು ನೀವೂ ಹೊರಡಬೇಡಿ. ಅಮೆರಿಕಕ್ಕೆ ಯುಎಸ್ಎಂಎಲ್ಇ ಬರೆಯಬೇಕು. 2022ರ ಜನವರಿಯಿಂದ ಅದರ ಮೊದಲ ಸ್ಟೆಪ್‌ನಲ್ಲಿ ಅಂಕ ಕೊಡುವುದಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಹೀಗಾಗಿ ಎರಡನೇ ಸ್ಟೆಪ್‌ನ ಅಂಕಕ್ಕೆ ತೂಕ ಹೆಚ್ಚಿದೆ. ಪರೀಕ್ಷೆ ಪಾಸಾದರೂ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ ಸಿಗದೆ ಅಲ್ಲಿ ಸಾಮಾನ್ಯವಾಗಿ ಸ್ವತಂತ್ರವಾಗಿ ವೈದ್ಯ ವೃತ್ತಿ ಮಾಡಲಾಗದು. ಆಸ್ಟ್ರೇಲಿಯಕ್ಕೆ ಎಎಂಸಿ ಪರೀಕ್ಷೆ ಇದೆ. ಗಲ್ಫ್ ದೇಶಗಳ ಪರೀಕ್ಷೆ ಚಿಕ್ಕದು, ಆದರೆ ಕೆಲಸದ ಅನುಭವದ ದಾಖಲೆ ಕೇಳುತ್ತಾರೆ.

ಬ್ರಿಟನ್ನಿನ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪ್ಲ್ಯಾಬ್ ಪಾಸಾದರೆ ನೋಂದಣಿ ಸಿಗುತ್ತದೆ, ಕೆಲಸ ಸಿಗುತ್ತದೆಂದು ಅರ್ಥವಲ್ಲ. ಕೆಲವು ವರ್ಷಗಳ ಹಿಂದೆ ಪಾಸಾದ ಒಂದೆರಡು ತಿಂಗಳಲ್ಲಿ ಕೆಲಸ ಹಿಡಿದವರ ಕಥೆ ಕೇಳಿ ಈಗ ಸಾಲ ಮಾಡಬೇಡಿ. ಒಂದು ಹುದ್ದೆಗೆ ನೂರಾರು ಅರ್ಜಿ ಬೀಳುವ ಕಾಲ ಇದು. ತರಬೇತಿ ಹುದ್ದೆಗಳಲ್ಲಿ ತಮ್ಮ ದೇಶದಲ್ಲೇ ಓದಿದವರಿಗೆ ಆದ್ಯತೆ ಕೊಡುವುದಾಗಿ ಅಲ್ಲಿನ ಸರ್ಕಾರ 2025ರ ಆರೋಗ್ಯ ಯೋಜನೆಯಲ್ಲಿ ಹೇಳಿದೆ. ಇದನ್ನು ತಿಳಿದೂ ಹೋಗುವ ಮನಸ್ಸಿದ್ದರೆ ಹೋಗಿ. ಆದರೆ ಪಾಸಾದ ಮೇಲೆ ಒಂದು ವರ್ಷ ಕೆಲಸ ಸಿಗದಿದ್ದರೆ ಮನೆ ಹೇಗೆ ನಡೆಯಬೇಕು ಎಂಬ ಲೆಕ್ಕವನ್ನು ಅಪ್ಪ ಅವ್ವನ ಜೊತೆ ಕೂತು ಈಗಲೇ ಹಾಕಿಕೊಳ್ಳಿ. ಹೊಲ ಅಡವಿಟ್ಟು ಪರೀಕ್ಷೆ ಬರೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹಂತ 2: ಹೆಸರು ಸರಿಮಾಡಿಕೊಳ್ಳಿ

ಇದು ಸಣ್ಣ ವಿಷಯದಂತೆ ಕಾಣುತ್ತದೆ. ನಮ್ಮ ಭಾಗದವರಿಗೆ ಹೆಚ್ಚು ಕಾಡುವುದು ಇದೇ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕೆ. ಎಂ. ಬಸವರಾಜ' ಎಂದಿರುತ್ತದೆ. ಎಂಬಿಬಿಎಸ್ ಪದವಿ ಪತ್ರದಲ್ಲಿ 'ಬಸವರಾಜ ಕೆ ಎಂ' ಆಗಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕೆಂದು ಊರ ಹೆಸರು, ತಂದೆಯ ಹೆಸರು ಸೇರಿ ಉಪನಾಮದ ಜಾಗ ತುಂಬಿಬಿಡುತ್ತದೆ. ರಾಯಚೂರು, ಕೊಪ್ಪಳದ ಕಡೆ ಅಡ್ಡಹೆಸರು ಕೊನೆಗೆ ಬಂದರೆ, ಬಳ್ಳಾರಿಯ ತೆಲುಗು ಮನೆಗಳಲ್ಲಿ ಇಂಟಿಪೇರು ಮೊದಲಿಗೆ ಬರುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳದ್ದು ಇನ್ನೊಂದು ತೊಡಕು. ನಮಗೆ ಇವೆಲ್ಲ ಒಬ್ಬರೇ ಎಂದು ಗೊತ್ತು. ದೂರದಲ್ಲಿ ಕೂತು ದಾಖಲೆ ನೋಡುವವರಿಗೆ ಮೂರು ಜನರಂತೆ ಕಾಣುತ್ತದೆ.

ಮಾಡಬೇಕಾದದ್ದು ಇಷ್ಟು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಪತ್ರ, ವೈದ್ಯಕೀಯ ಪರಿಷತ್ತಿನ ನೋಂದಣಿ, ಪಾಸ್‌ಪೋರ್ಟ್, ಆಧಾರ್ ಇವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಪದವಿ ಪತ್ರಕ್ಕೆ ಹೊಂದುವಂತೆ ಪಾಸ್‌ಪೋರ್ಟ್ ತಿದ್ದಿಸುವುದು ಸಾಮಾನ್ಯವಾಗಿ ಸುಲಭ. ವಿಶ್ವವಿದ್ಯಾಲಯದ ಪತ್ರ ತಿದ್ದಿಸಲು ಓಡಾಟ ಬಹಳ. ತಿದ್ದಲಾಗದ ವ್ಯತ್ಯಾಸಕ್ಕೆ, ಈ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿಡಿ. ಇದಾದ ಮೇಲೆ ಜಿಎಂಸಿ ಖಾತೆ, ಇಂಗ್ಲಿಷ್ ಪರೀಕ್ಷೆ, ಪ್ಲ್ಯಾಬ್ ಬುಕಿಂಗ್ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಿರಿ.

ಊರು, ಕಾಲೇಜಿನ ಹೆಸರಿಗೂ ಇದೇ ಎಚ್ಚರ ಬೇಕು. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಗಿದೆ. ನಿಮ್ಮ ಹಳೆಯ ಕಾಗದಗಳಲ್ಲಿ 'ಬೆಲ್ಲಾರಿ' ಎಂದೇ ಇರುತ್ತದೆ. ಬಳ್ಳಾರಿಯ ಸರ್ಕಾರಿ ಕಾಲೇಜು ಬಹುಕಾಲ ವಿಮ್ಸ್ ಆಗಿದ್ದು ಈಗ ಬಿಎಂಸಿಆರ್‌ಸಿ ಆಗಿದೆ. ಹಳೆಯ ಬ್ಯಾಚಿನವರು ಅರ್ಜಿಯಲ್ಲಿ ಪದವಿ ಪತ್ರದಲ್ಲಿರುವ ಹೆಸರನ್ನೇ ಬರೆದು, ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್ ಎಂಬ ಜಾಗತಿಕ ಪಟ್ಟಿಯಲ್ಲಿ ಕಾಲೇಜು ಯಾವ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಬೇಕು. ಪದವಿ ಕೊಟ್ಟದ್ದು ಕಾಲೇಜಲ್ಲ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಎಂಬುದನ್ನು ಅರ್ಜಿ ತುಂಬುವಾಗ ಹಲವರು ಮರೆಯುತ್ತಾರೆ.

ಹಂತ 3: ಇಂಟರ್ನ್‌ಶಿಪ್ ಮತ್ತು ಗ್ರಾಮೀಣ ಸೇವೆಯ ದಾಖಲೆ

ಜಿಎಂಸಿ ಪೂರ್ಣ ನೋಂದಣಿ ಕೊಡಲು 12 ತಿಂಗಳ ಇಂಟರ್ನ್‌ಶಿಪ್ ನೋಡುತ್ತದೆ. ಅದರಲ್ಲಿ ಮೆಡಿಸಿನ್ ಕಡೆ ಕನಿಷ್ಠ ಮೂರು ತಿಂಗಳು, ಸರ್ಜರಿ ಕಡೆ ಕನಿಷ್ಠ ಮೂರು ತಿಂಗಳು ಇರಬೇಕು. ಮೆಡಿಸಿನ್ ಎಂದರೆ ಜನರಲ್ ಮೆಡಿಸಿನ್ ವಾರ್ಡ್ ಒಂದೇ ಅಲ್ಲ, ಅದಕ್ಕೆ ಸೇರುವ ವಿಭಾಗಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಯಾವ ವಿಭಾಗದಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ ಎಂಬ ಪಟ್ಟಿಗೆ ಕಾಲೇಜಿನ ಮೊಹರು, ಸಹಿ ಹಾಕಿಸಿ ಊರು ಬಿಡುವ ಮುಂಚೆಯೇ ಇಟ್ಟುಕೊಳ್ಳಿ. ಹೊಸ ಇಂಟರ್ನ್‌ಗಳಿಗೆ ಎಲೆಕ್ಟಿವ್ ಆರಿಸುವ ಅವಕಾಶವಿದ್ದರೆ ಕಡಿಮೆ ಬೀಳುವ ಕಡೆ ಅದನ್ನು ಹಾಕಿಕೊಳ್ಳಬಹುದು. ಇಂಟರ್ನ್‌ಶಿಪ್ ಮುಗಿದ ಮೇಲೆ ಈ ಕೊರತೆ ತುಂಬಲು ಹೋದರೆ ವರ್ಷಗಳ ಮಾತು.

ಕರ್ನಾಟಕದಲ್ಲಿ ಓದಿದವರಿಗೆ 2012ರ ಕಡ್ಡಾಯ ಸೇವೆಯ ಕಾಯ್ದೆ ಇದೆ. ಆಮೇಲೆ ತಿದ್ದುಪಡಿಯೂ ಆಗಿದೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ. ನಿಮ್ಮ ಬ್ಯಾಚಿಗೆ, ನಿಮ್ಮ ಸೀಟಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಕಾಲೇಜಿನ ಕಚೇರಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಪಿಎಚ್‌ಸಿಯಲ್ಲಿ ಒಂದು ವರ್ಷ ಇರಬೇಕಾಗಿ ಬಂದರೆ ಅದು ವ್ಯರ್ಥ ಕಾಲವಲ್ಲ. ಸಂಬಳ ಬರುತ್ತದೆ, ಸ್ವತಂತ್ರವಾಗಿ ರೋಗಿ ನೋಡಿದ ಅನುಭವ ಕಾಗದದಲ್ಲಿ ನಿಲ್ಲುತ್ತದೆ, ಬೆಳಗಿನ ಜಾವ ಓದಲು ಸಮಯವೂ ಸಿಗುತ್ತದೆ.

ಹಂತ 4: ಇಂಗ್ಲಿಷ್ ಪರೀಕ್ಷೆ

ಪ್ಲ್ಯಾಬ್ ಮೊದಲ ಭಾಗ ಬುಕ್ ಮಾಡುವ ಮುಂಚೆಯೇ ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ದಾರಿ ಎರಡಿವೆ.

ಐಇಎಲ್‌ಟಿಎಸ್ ಅಕಾಡೆಮಿಕ್ ಬರೆದರೆ ಒಟ್ಟು 7.5 ಬರಬೇಕು, ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕರಲ್ಲೂ 7ಕ್ಕಿಂತ ಕಡಿಮೆ ಇರಬಾರದು. ಒಇಟಿ ಎಂಬುದು ಆರೋಗ್ಯ ವೃತ್ತಿಯವರಿಗೇ ಇರುವ ಪರೀಕ್ಷೆ. ಅದರಲ್ಲಿ ನಾಲ್ಕರಲ್ಲೂ ಬಿ ದರ್ಜೆ ಬೇಕು. ಯಾವುದನ್ನೇ ಬರೆದರೂ ಈ ಅಂಕಗಳೆಲ್ಲ ಒಂದೇ ಸಲದ ಪರೀಕ್ಷೆಯಲ್ಲಿ ಬಂದಿರಬೇಕು. ಒಂದರಲ್ಲಿ ಕಡಿಮೆಯಾಯಿತೆಂದು ಅದೊಂದನ್ನೇ ಮತ್ತೆ ಬರೆದು ಜೋಡಿಸಲು ಬರುವುದಿಲ್ಲ. ಮನೆಯಲ್ಲಿ ಕೂತು ಬರೆಯುವ ಒಇಟಿ ನಡೆಯುವುದಿಲ್ಲ, ಪರೀಕ್ಷಾ ಕೇಂದ್ರಕ್ಕೇ ಹೋಗಬೇಕು.

ನನ್ನ ಅಭಿಪ್ರಾಯ ಕೇಳಿದರೆ ಒಇಟಿ. ಶುಲ್ಕ ಜಾಸ್ತಿ, ಒಪ್ಪುತ್ತೇನೆ. ಆದರೆ ಐಇಎಲ್‌ಟಿಎಸ್‌ನಲ್ಲಿ ನಮ್ಮವರು ಎಡವುವುದು ಪ್ರಬಂಧದಲ್ಲಿ. ನಗರೀಕರಣದ ಸಾಧಕ ಬಾಧಕ ಬರೆಯುತ್ತ 6.5ಕ್ಕೆ ನಿಂತು ಮೂರು ಮೂರು ಸಲ ಬರೆದವರಿದ್ದಾರೆ. ಒಇಟಿಯಲ್ಲಿ ಬರೆಯಬೇಕಾದ್ದು ರೋಗಿಯನ್ನು ಇನ್ನೊಬ್ಬ ವೈದ್ಯರಿಗೆ ಕಳಿಸುವ ಪತ್ರ, ಸುಮಾರು 180ರಿಂದ 200 ಪದ. ಮಾತಾಡುವ ಭಾಗದಲ್ಲಿ ರೋಗಿಯ ಜೊತೆ ಎರಡು ಪಾತ್ರಾಭಿನಯ ಇರುತ್ತವೆ. ಆ ಅಭ್ಯಾಸವೇ ಮುಂದೆ ಪ್ಲ್ಯಾಬ್ ಎರಡನೇ ಭಾಗಕ್ಕೆ ಬಂಡವಾಳ.

ಇಲ್ಲೊಂದು ತಪ್ಪು ತಿಳಿವಳಿಕೆ ಹರಿದಾಡುತ್ತದೆ: "ನಾವು ಇಂಗ್ಲಿಷ್ ಮೀಡಿಯಮ್ ಎಂಬಿಬಿಎಸ್, ಪ್ರಾಂಶುಪಾಲರಿಂದ ಲೆಟರ್ ತಂದ್ರೆ ಸಾಕು." ಸಾಲದು. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿ ನಡೆದರಷ್ಟೇ ಆಗುವುದಿಲ್ಲ. ರೋಗಿಗಳು, ಅವರ ಮನೆಯವರು, ಸಿಬ್ಬಂದಿಯ ಜೊತೆಗಿನ ಒಡನಾಟದಲ್ಲೂ ಕನಿಷ್ಠ ಶೇ. 75ರಷ್ಟು ಇಂಗ್ಲಿಷಿನಲ್ಲೇ ಆಗಿರಬೇಕೆಂದು ಜಿಎಂಸಿ ಕೇಳುತ್ತದೆ. ನಮ್ಮ ವಾರ್ಡುಗಳಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತು ಬಿಟ್ಟರೆ ರೋಗಿಯ ಬಾಯಲ್ಲಿ ಇಂಗ್ಲಿಷ್ ಕೇಳಿದ್ದುಂಟೇ? ಸುಳ್ಳು ಪತ್ರ ಬರೆಸಿಕೊಂಡರೆ ಅದು ವೃತ್ತಿಯ ಪ್ರಾಮಾಣಿಕತೆಯ ಪ್ರಶ್ನೆಯಾಗಿ ನೋಂದಣಿಗೇ ಕುತ್ತು. ಪರೀಕ್ಷೆ ಬರೆಯುವುದೇ ನೇರ ದಾರಿ.

ಇಂಗ್ಲಿಷ್ ಫಲಿತಾಂಶಕ್ಕೆ ಎರಡು ವರ್ಷದ ಆಯಸ್ಸು. ತೀರ ಬೇಗ ಬರೆದು ಆಮೇಲೆ ಪ್ಲ್ಯಾಬ್ ಮುಂದೂಡುತ್ತ ಹೋದರೆ ನೋಂದಣಿಯ ಹೊತ್ತಿಗೆ ಅದು ಹಳತಾಗಿರುತ್ತದೆ.

ಹಂತ 5: ಪದವಿಯ ದೃಢೀಕರಣ

ನಿಮ್ಮ ಎಂಬಿಬಿಎಸ್ ನಿಜವೇ ಎಂದು ಜಿಎಂಸಿ ನಿಮ್ಮನ್ನು ಕೇಳುವುದಿಲ್ಲ, ಎಪಿಕ್ ಎಂಬ ಸೇವೆಯ ಮೂಲಕ ವಿಶ್ವವಿದ್ಯಾಲಯವನ್ನೇ ಕೇಳುತ್ತದೆ. ಎಪಿಕ್ ನಡೆಸುವುದು ಅಮೆರಿಕದ ಇಸಿಎಫ್ಎಂಜಿ. ನೀವು ಖಾತೆ ತೆರೆದು, ಪಾಸ್‌ಪೋರ್ಟ್ ತೋರಿಸಿ ಗುರುತು ಖಚಿತ ಮಾಡಿ, ಪದವಿ ಪತ್ರದ ಬಣ್ಣದ ಸ್ಕ್ಯಾನ್ ಹಾಕಬೇಕು. ಪ್ರೊವಿಷನಲ್ ಪತ್ರ ಹಾಕಿದರೆ ಆಗುವುದಿಲ್ಲ, ಘಟಿಕೋತ್ಸವದ ಮೇಲೆ ಬರುವ ಪದವಿ ಪತ್ರವೇ ಬೇಕು. ವರದಿ ಯಾರಿಗೆ ಹೋಗಬೇಕು ಎಂಬಲ್ಲಿ ಜಿಎಂಸಿಯನ್ನು ಆರಿಸಲು ಮರೆಯಬೇಡಿ.

ಇದು ಪ್ಲ್ಯಾಬ್ ಬರೆಯಲು ಬೇಕಿಲ್ಲ, ನೋಂದಣಿಗೆ ಬೇಕು. ಹಾಗೆಂದು ಕೊನೆಗೆ ಬಿಟ್ಟರೆ ವಿಶ್ವವಿದ್ಯಾಲಯದ ಉತ್ತರಕ್ಕಾಗಿ ಕಾಯುತ್ತ ಕೂರಬೇಕಾಗುತ್ತದೆ. ಮೊದಲ ಭಾಗಕ್ಕೆ ಓದುತ್ತಿರುವಾಗಲೇ ಹಾಕಿಬಿಡಿ, ಒಂದೆರಡು ವಾರಕ್ಕೊಮ್ಮೆ ಸ್ಥಿತಿ ನೋಡಿ.

ಹಂತ 6: ಪ್ಲ್ಯಾಬ್ ಮೊದಲ ಭಾಗ

ಮೂರು ಗಂಟೆ, 180 ಪ್ರಶ್ನೆ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಐದು ಆಯ್ಕೆಗಳಲ್ಲಿ ಅತಿ ಸೂಕ್ತವಾದ ಒಂದನ್ನು ಆರಿಸಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪಾಸಿನ ಅಂಕ ಪ್ರತಿ ಪರೀಕ್ಷೆಗೂ ಬೇರೆ. ಭಾರತದಲ್ಲೇ ಬರೆಯಬಹುದು. ಬಳ್ಳಾರಿ, ಕೊಪ್ಪಳದವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು ಸುಲಭ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಪರೀಕ್ಷೆಯ ದಿನ ಬೆಳಿಗ್ಗೆ ರೈಲಿಳಿದು ನೇರ ಕೇಂದ್ರಕ್ಕೆ ಹೋಗುವ ಯೋಚನೆ ಬೇಡ, ಹಿಂದಿನ ದಿನವೇ ಹೋಗಿ ಮಲಗಿ. ಮೂಲ ಪಾಸ್‌ಪೋರ್ಟ್ ಜೊತೆಗಿರಲಿ.

ಈಗ "ಯಾವ ಬುಕ್" ಪ್ರಶ್ನೆಗೆ ಬರೋಣ. ಪಿಜಿ ನೀಟ್‌ಗೆ ಓದಿದ ದಪ್ಪ ಪುಸ್ತಕಗಳನ್ನು ಮತ್ತೆ ತೆರೆಯಬೇಡಿ. ಒಳ್ಳೆಯ ಪ್ರಶ್ನೆಬ್ಯಾಂಕ್ ಒಂದಕ್ಕೆ ಚಂದಾ ಕಟ್ಟಿ ಅದನ್ನೇ ಎರಡು ಸಲ ಮುಗಿಸಿ. ಪ್ರತಿ ತಪ್ಪು ಉತ್ತರಕ್ಕೂ ನೈಸ್ ಮಾರ್ಗಸೂಚಿ ತೆರೆದು ನೋಡಿ. ಯಾವ ರೋಗಕ್ಕೆ ಮೊದಲು ಏನು ಮಾಡಬೇಕು ಎಂದು ಬ್ರಿಟನ್ನಿನ ಸರ್ಕಾರಿ ಸಂಸ್ಥೆ ಹೊರಡಿಸುವ ಸೂಚನೆಗಳಿವು. ಔಷಧಿ, ಡೋಸ್‌ಗೆ ಬಿಎನ್ಎಫ್ ಎಂಬ ಅಲ್ಲಿನ ಔಷಧ ಕೈಪಿಡಿ ಇದೆ. ಕೆಲಸದಲ್ಲಿದ್ದರೆ ನಾಲ್ಕು ತಿಂಗಳಾದರೂ ಇಟ್ಟುಕೊಳ್ಳಿ. ರಾಯಚೂರು, ಬಳ್ಳಾರಿಯ ಏಪ್ರಿಲ್ ಮೇ ಬಿಸಿಲಲ್ಲಿ ಮಧ್ಯಾಹ್ನ ತಲೆಗೆ ಏನೂ ಹೋಗುವುದಿಲ್ಲ, ಬೆಳಿಗ್ಗೆ ನಾಲ್ಕರಿಂದ ಏಳರ ಮೂರು ಗಂಟೆ ಭದ್ರ ಮಾಡಿಕೊಳ್ಳಿ.

ಅಭ್ಯಾಸಬಲದಿಂದ ನಮ್ಮವರು ತಪ್ಪುವ ಜಾಗಗಳು ಇವು.

ಅಳತೆ. ನಾವು ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಓದುತ್ತೇವೆ, ಅಲ್ಲಿ ಲೀಟರಿಗೆ ಮಿಲಿಮೋಲ್. ನಮ್ಮ ಸಂಖ್ಯೆಯನ್ನು 18ರಿಂದ ಭಾಗಿಸಿ: 126 ಎಂದರೆ 7, 200 ಎಂದರೆ 11.1. ಕ್ರಿಯಾಟಿನಿನ್‌ಗೆ 88ರಿಂದ ಗುಣಿಸಿ. ಹಿಮೋಗ್ಲೋಬಿನ್ 12 ಅಲ್ಲಿ 120. ಎಚ್‌ಬಿಎ1ಸಿ ಶೇ. 6.5 ಎಂಬುದು ಅಲ್ಲಿ 48. ಒಂದು ನಿಮಿಷದಲ್ಲಿ ಉತ್ತರಿಸುವಾಗ ಇದನ್ನು ಲೆಕ್ಕ ಹಾಕುತ್ತ ಕೂರಲಾಗದು, ಕಣ್ಣಿಗೆ ರೂಢಿಯಾಗಬೇಕು.

ಮೊದಲ ಹೆಜ್ಜೆ. ಒಪಿಡಿಯಲ್ಲಿ ಬಿಪಿ 150/95 ಬಂದರೆ ನಾವು ಮಾತ್ರೆ ಬರೆದು ಕಳಿಸುತ್ತೇವೆ, ಯಾಕೆಂದರೆ ದೇವದುರ್ಗದಿಂದಲೋ ಕುಷ್ಟಗಿಯಿಂದಲೋ ಬಂದವರು ಮತ್ತೆ ಬರುತ್ತಾರೆಂಬ ಖಾತ್ರಿ ಇರುವುದಿಲ್ಲ. ಅಲ್ಲಿನ ಉತ್ತರ ಬೇರೆ: 24 ಗಂಟೆ ಬಿಪಿ ಅಳೆಯುವ ಯಂತ್ರ ಕಟ್ಟಿ ಅಥವಾ ಮನೆಯಲ್ಲಿ ಅಳೆಸಿ ಖಚಿತ ಮಾಡಿಕೊಳ್ಳಬೇಕು. ಆಮೇಲೆ 55ರ ಒಳಗಿನವರಿಗೆ ಎಸಿಇ ಇನ್ಹಿಬಿಟರ್ ಗುಂಪು, 55 ದಾಟಿದವರಿಗೆ ಅಮ್ಲೊಡಿಪಿನ್ ಗುಂಪು. ಆಫ್ರಿಕನ್ ಮೂಲದ ಕಪ್ಪು ಜನಾಂಗದವರಿಗೆ ಯಾವ ವಯಸ್ಸಿನಲ್ಲೂ ಅಮ್ಲೊಡಿಪಿನ್ ಗುಂಪೇ ಮೊದಲು. ಟೈಪ್ 2 ಮಧುಮೇಹವಿದ್ದರೆ ಮಾತ್ರ ವಯಸ್ಸು ನೋಡದೆ ಎಸಿಇ ಇನ್ಹಿಬಿಟರ್ ಅಥವಾ ಅದರ ಜೊತೆಗಾರ ಎಆರ್‌ಬಿ. ಹೀಗೆ "ಮುಂದಿನ ಹೆಜ್ಜೆ ಏನು" ಎಂದು ಕೇಳುವ ಪ್ರಶ್ನೆಗಳೇ ಹೆಚ್ಚು.

ರೋಗಗಳ ಪ್ರಮಾಣ. ಕೀಟನಾಶಕ ಕುಡಿದವರು, ಹಾವು ಕಚ್ಚಿದವರು, ಡೆಂಗಿ, ಕ್ಷಯ ಇವು ನಮ್ಮ ಕೈಗೆ ಪಳಗಿದ ವಿಷಯ. ಅಲ್ಲಿ ಕೇಳುವುದು ಸಿಒಪಿಡಿ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಖಿನ್ನತೆ, ಮರೆಗುಳಿತನ, ಚರ್ಮದ ಕ್ಯಾನ್ಸರ್. ಮನೋರೋಗ ವಿಭಾಗವನ್ನು ಇಂಟರ್ನ್‌ಶಿಪ್‌ನಲ್ಲಿ ಹಗುರವಾಗಿ ಕಳೆದವರು ಅದನ್ನು ಹೊಸದಾಗಿಯೇ ಓದಬೇಕು.

ಕಾನೂನು ಮತ್ತು ನೀತಿ. ಇಲ್ಲಿ ಅಂಕ ಕಳೆದುಕೊಳ್ಳುವವರು ಬಹಳ. 15 ವರ್ಷದ ಹುಡುಗಿ ಗರ್ಭನಿರೋಧಕ ಕೇಳಿ ಬರುತ್ತಾಳೆ ಎಂದುಕೊಳ್ಳಿ. ಇಲ್ಲಿ 2012ರ ಪೋಕ್ಸೊ ಕಾಯ್ದೆಯಡಿ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ಅವಳಿಗೆ ಸಲಹೆಯ ಅರ್ಥವಾಗುತ್ತದೆಯೇ, ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ ಎಂದು ನೋಡಿ, ತಾಯಿತಂದೆಗೆ ಹೇಳಲು ಒಪ್ಪಿಸಲು ಯತ್ನಿಸಿ, ಒಪ್ಪದಿದ್ದರೂ ಗುಟ್ಟು ಕಾಯ್ದು ಔಷಧ ಕೊಡಲು ಅವಕಾಶವಿದೆ. ಇದಕ್ಕೆ ಫ್ರೇಸರ್ ಮಾರ್ಗಸೂಚಿ ಎನ್ನುತ್ತಾರೆ. ಹುಡುಗಿ 13ರ ಒಳಗಿನವಳಾದರೆ ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕು. ಇನ್ನೊಂದು ಉದಾಹರಣೆ: ಸಂಡೂರು ಕಡೆಯ ಚಾಲಕನಿಗೆ ಫಿಟ್ಸ್ ಬಂದರೆ ನಾವು ಮಾತ್ರೆಯ ಬಗ್ಗೆ ಹೇಳಿ ಕಳಿಸುತ್ತೇವೆ. ಅಲ್ಲಿ ವಾಹನದ ಪ್ರಶ್ನೆ ಮೊದಲು ಬರುತ್ತದೆ. ಮೊದಲ ಸಲ ಕಾರಣವಿಲ್ಲದೆ ಫಿಟ್ಸ್ ಬಂದವರು ಸಾಮಾನ್ಯವಾಗಿ ಆರು ತಿಂಗಳು ಕಾರು ಓಡಿಸುವಂತಿಲ್ಲ, ಪರವಾನಗಿ ಕೊಡುವ ಡಿವಿಎಲ್ಎಗೆ ತಾವೇ ತಿಳಿಸಬೇಕು. ಭಾರಿ ವಾಹನಕ್ಕೆ ನಿಯಮ ಇನ್ನೂ ಬಿಗಿ. ಜಿಎಂಸಿಯ 'ಗುಡ್ ಮೆಡಿಕಲ್ ಪ್ರಾಕ್ಟೀಸ್' ಎಂಬ ಕೈಪಿಡಿಯ ಹೊಸ ಆವೃತ್ತಿ 2024ರ ಜನವರಿ 30ರಿಂದ ಜಾರಿಯಲ್ಲಿದೆ. ಚಿಕ್ಕದು, ಪೂರ್ತಿ ಓದಿ.

ಪರೀಕ್ಷೆ ಬರೆದು ಬಂದವರು ಪ್ರಶ್ನೆ ನೆನಪಿಟ್ಟು ಹಂಚುವ ಗುಂಪುಗಳಿಂದ ದೂರವಿರಿ. ಪ್ರಶ್ನೆ ಹಂಚಿಕೊಳ್ಳುವುದನ್ನು ಜಿಎಂಸಿ ದುರ್ನಡತೆಯೆಂದೇ ನೋಡುತ್ತದೆ.

ಹಂತ 7: ಎರಡನೇ ಭಾಗ, ಅಂದರೆ ಮಾತು

ಮೊದಲ ಭಾಗ ಪಾಸಾದ ಎರಡು ವರ್ಷದೊಳಗೆ ಎರಡನೆಯದು ಪಾಸಾಗಬೇಕು. ಎರಡಕ್ಕೂ ನಾಲ್ಕು ನಾಲ್ಕು ಅವಕಾಶ. ಇದು ನಡೆಯುವುದು ಮ್ಯಾಂಚೆಸ್ಟರ್‌ನಲ್ಲಿ ಮಾತ್ರ. ಶುಲ್ಕ ಮೊದಲನೆಯದರ ಮೂರು ಪಟ್ಟಿಗೂ ಮೇಲು, ಅದರ ಮೇಲೆ ವಿಮಾನ, ವಸತಿ, ವೀಸಾ. ಒಂದು ಸಲ ಫೇಲಾದರೆ ಆಗುವ ನಷ್ಟ ಲಕ್ಷಗಳಲ್ಲಿ.

ಒಟ್ಟು 16 ಸ್ಟೇಷನ್, ಅಂದರೆ ಬೇರೆ ಬೇರೆ ಸಂದರ್ಭಗಳು, ಒಂದೊಂದಕ್ಕೆ ಎಂಟು ನಿಮಿಷ. ಒಳಗೆ ಹೋಗುವ ಮುನ್ನ ಬಾಗಿಲ ಬಳಿ ಸಂದರ್ಭ ಓದಿಕೊಳ್ಳಲು ಒಂದೂವರೆ ನಿಮಿಷ. ಮಾಹಿತಿ ಕಲೆಹಾಕಿದ್ದು, ಚಿಕಿತ್ಸೆಯ ಯೋಜನೆ, ರೋಗಿಯೊಂದಿಗೆ ನಡೆದುಕೊಂಡ ಬಗೆ ಈ ಮೂರಕ್ಕೂ ಪ್ರತಿ ಸ್ಟೇಷನ್ನಿನಲ್ಲಿ ಬೇರೆ ಬೇರೆ ಅಂಕ, ಮೂರಕ್ಕೂ ಸಮಾನ ತೂಕ. ಅಂದರೆ ರೋಗ ಸರಿಯಾಗಿ ಕಂಡುಹಿಡಿದೂ ನೀವು ಫೇಲಾಗಬಹುದು. ಒಟ್ಟು ಅಂಕ ಬಂದರೆ ಸಾಲದು, ನಿಗದಿತ ಸಂಖ್ಯೆಯ ಸ್ಟೇಷನ್‌ಗಳನ್ನೂ ಗೆಲ್ಲಬೇಕು.

ನಮ್ಮ ಒಪಿಡಿಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ನೂರು ಜನ ಸಾಲಿನಲ್ಲಿದ್ದಾರೆ. "ಏನಾಗೇತವ್ವಾ?" ಎಂದರೆ ಉತ್ತರ ಹೇಳುವುದು ಮುದುಕಿಯಲ್ಲ, ಪಕ್ಕದಲ್ಲಿ ನಿಂತ ಮಗ. "ಎಷ್ಟ್ ದಿನ ಆತು? ಜ್ವರ ಬಂದಾವೇನು? ಸರಿ, ಈ ಗುಳಿಗಿ ತಗೋ." ಎರಡು ನಿಮಿಷಕ್ಕೆ ಮುಗಿಯಿತು. ಆ ಜನಜಂಗುಳಿಯಲ್ಲಿ ಅಷ್ಟು ವೇಗದಲ್ಲಿ ಸರಿಯಾಗಿ ರೋಗ ಹಿಡಿಯುವುದು ದೊಡ್ಡ ವಿದ್ಯೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಅದೇ ನಡೆ ಮ್ಯಾಂಚೆಸ್ಟರ್‌ನ ಕೋಣೆಯಲ್ಲಿ ಅಂಕ ತರುವುದಿಲ್ಲ. ಅಲ್ಲಿ ಬೇಕಾದುದನ್ನು ಒಂದೊಂದಾಗಿ ಹೇಳುತ್ತೇನೆ.

ಒಳಗೆ ಹೋದೊಡನೆ ನಿಮ್ಮ ಹೆಸರು, ನೀವು ಇಲ್ಲಿ ಯಾವ ವೈದ್ಯರು ಎಂಬುದನ್ನು ಹೇಳಿ. ರೋಗಿಯ ಹೆಸರು, ವಯಸ್ಸು ಖಚಿತ ಮಾಡಿಕೊಳ್ಳಿ. ಮೊದಲ ಪ್ರಶ್ನೆ ಕೇಳಿ ಸುಮ್ಮನಾಗಿ, ಅವರು ಮಾತು ಮುಗಿಸಲಿ. ನಡುವೆ ಬಾಯಿ ಹಾಕುವುದು ನಮ್ಮ ಮೊದಲ ತಪ್ಪು.

ಆಮೇಲೆ ಮೂರು ವಿಷಯ ಕೇಳಲೇಬೇಕು: ಇದು ಏನಿರಬಹುದೆಂದು ಅವರಿಗೆ ಅನ್ನಿಸುತ್ತದೆ, ಯಾವುದರ ಬಗ್ಗೆ ಅವರಿಗೆ ಭಯ, ಇವತ್ತು ನಿಮ್ಮಿಂದ ಏನಾಗಬೇಕೆಂದು ಬಂದಿದ್ದಾರೆ. ಐಡಿಯಾಸ್, ಕನ್ಸರ್ನ್ಸ್, ಎಕ್ಸ್‌ಪೆಕ್ಟೇಷನ್ಸ್ ಎಂಬ ಮೂರು ಪದಗಳ ಮೊದಲಕ್ಷರ ಸೇರಿಸಿ ಇದನ್ನು ಅಲ್ಲಿ ಐಸ್ ಎಂದು ಕರೆಯುತ್ತಾರೆ. "ಡಾಕ್ಟ್ರು ನೀವೋ ನಾನೋ" ಎಂದು ನಮ್ಮ ರೋಗಿಯೇ ಕೇಳಿಯಾನು ಎನ್ನಿಸುತ್ತದೆ. ಅಲ್ಲಿನ ರೋಗಿ ಈ ಪ್ರಶ್ನೆಗೆ ಕಾಯುತ್ತಿರುತ್ತಾನೆ. ತಲೆನೋವೆಂದು ಬಂದವನ ತಾಯಿ ಮೆದುಳಿನ ಗಡ್ಡೆಯಿಂದ ಸತ್ತಿರಬಹುದು, ನೀವು ಭಯ ಕೇಳಿದಾಗಷ್ಟೇ ಅದು ಹೊರಬರುತ್ತದೆ. ಬಂದ ಮೇಲೆ ಅದನ್ನು ಅಲ್ಲೇ ಬಿಟ್ಟು ಮುಂದಿನ ಪ್ರಶ್ನೆಗೆ ಹಾರಬೇಡಿ.

ಚಿಕಿತ್ಸೆಯನ್ನು ಅಪ್ಪಣೆಯಂತೆ ಹೇಳಬೇಡಿ. ಆಯ್ಕೆಗಳನ್ನು ಮುಂದಿಟ್ಟು, ಒಳಿತು ಕೆಡುಕು ತಿಳಿಸಿ, ಅವರು ಏನೆನ್ನುತ್ತಾರೆ ಎಂದು ಕೇಳಿ. ಬೇಡವೆಂದರೆ ಕಾರಣ ಕೇಳಿ, ಗದರಬೇಡಿ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರು ಚಿಕಿತ್ಸೆ ನಿರಾಕರಿಸಬಹುದು, ಅದರಿಂದ ಜೀವಕ್ಕೆ ಅಪಾಯವಿದ್ದರೂ. ಕೊನೆಗೆ, ಯಾವ ಲಕ್ಷಣ ಕಂಡರೆ ಕಾಯದೆ ವಾಪಸ್ ಬರಬೇಕು ಎಂದು ಬಿಡಿಸಿ ಹೇಳಿ. ಇದೇ ಸೇಫ್ಟಿ ನೆಟ್. ಎಂಟು ನಿಮಿಷದಲ್ಲಿ ಆರನೇ ನಿಮಿಷಕ್ಕೆ ಚಿಕಿತ್ಸೆಯ ಮಾತು ಶುರುವಾಗದಿದ್ದರೆ ಇದಕ್ಕೆ ಸಮಯ ಉಳಿಯುವುದಿಲ್ಲ.

ಕೆಟ್ಟ ಸುದ್ದಿ ಹೇಳುವ ಸ್ಟೇಷನ್ ನಮಗೆ ಅತಿ ಕಷ್ಟ. ನಾವು ಮನೆಯವರನ್ನು ಹೊರಗೆ ಕರೆದು "ಕ್ಯಾನ್ಸರ್ ಐತಿ, ಅವರಿಗೆ ಹೇಳಬ್ಯಾಡ್ರಿ" ಎನ್ನುವುದರಲ್ಲಿ ಬೆಳೆದವರು. ಅಲ್ಲಿ ರೋಗಿಗೇ ಮೊದಲು ಹೇಳಬೇಕು, ಅವರ ಒಪ್ಪಿಗೆಯಿಲ್ಲದೆ ಮಗನಿಗೂ ಹೇಳುವಂತಿಲ್ಲ. ಅವರಿಗೆ ಎಷ್ಟು ಗೊತ್ತು, ಎಷ್ಟು ತಿಳಿಯಲು ಬಯಸುತ್ತಾರೆ ಎಂದು ಮೊದಲು ಕೇಳಿ. ಸುದ್ದಿ ಹೇಳಿದ ಮೇಲೆ ಬಾಯಿ ಮುಚ್ಚಿ. ಆ ಹತ್ತು ಸೆಕೆಂಡಿನ ಮೌನ ತಾಳಲಾರದೆ ಕೀಮೊಥೆರಪಿಯ ಬಗ್ಗೆ ಮಾತು ಶುರು ಮಾಡಿದವರಿಗೆ ಆ ಸ್ಟೇಷನ್ ಕೈತಪ್ಪುತ್ತದೆ.

ಅಭ್ಯಾಸಕ್ಕೆ ಮೂವರು ಸಾಕು: ಒಬ್ಬರು ವೈದ್ಯರು, ಒಬ್ಬರು ರೋಗಿ, ಒಬ್ಬರು ಗಡಿಯಾರ ಹಿಡಿದು ನೋಡುವವರು. ದಿನಕ್ಕೆ ಎರಡು ಗಂಟೆ, ಪೂರ್ತಿ ಇಂಗ್ಲಿಷಿನಲ್ಲಿ. ಬಳ್ಳಾರಿಯಲ್ಲಿ ಜೊತೆಗಾರರು ಸಿಗದಿದ್ದರೆ ವಿಡಿಯೊ ಕರೆಯಲ್ಲಿ ಮಾಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬ್ರಿಟಿಷರಂತೆ ಉಚ್ಚರಿಸಲು ಹೋಗಬೇಡಿ, ನಿಧಾನವಾಗಿ ಸ್ಪಷ್ಟವಾಗಿ ಮಾತಾಡಿದರೆ ನಮ್ಮ ಉಚ್ಚಾರಣೆಗೆ ಯಾರೂ ಅಂಕ ಕಳೆಯುವುದಿಲ್ಲ. ಪಾಠ ಒಪ್ಪಿಸಿದಂತೆ "ಕ್ಷಮಿಸಿ, ಅದು ಕಷ್ಟವಾಗಿರಬೇಕು" ಎಂದು ಎಲ್ಲ ರೋಗಿಗೂ ಹೇಳುವ ಕೋಚಿಂಗ್ ಚಾಳಿ ಬಿಡಿ. ಪರೀಕ್ಷಕರಿಗೆ ಅದು ಕೂಡಲೇ ತಿಳಿಯುತ್ತದೆ. ಕ್ಯಾನುಲಾ, ಕ್ಯಾಥೆಟರ್ ಹಾಕುವುದು ನಿಮಗೆ ನೀರು ಕುಡಿದಂತೆ, ಆದರೆ ಗೊಂಬೆಯ ಮುಂದೆಯೂ ಕೈ ತೊಳೆದು, ವಿವರಿಸಿ, ಒಪ್ಪಿಗೆ ಕೇಳುವುದನ್ನು ಬಿಡಬಾರದು.

ಹಂತ 8: ವೀಸಾ ಮತ್ತು ದುಡ್ಡಿನ ದಾಖಲೆ

ಎರಡನೇ ಭಾಗಕ್ಕೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು. ಪ್ರಯಾಣಕ್ಕೆ ಮೂರು ತಿಂಗಳ ಒಳಗೆ ಮಾತ್ರ ಅರ್ಜಿ ಹಾಕಲು ಬರುತ್ತದೆ. ಪರೀಕ್ಷೆ ಬುಕ್ ಆದ ಇಮೇಲ್, ರಜೆ ಪತ್ರ, ಹಣದ ದಾಖಲೆ ಬೇಕು. ವೀಸಾ ಬರುವ ಮುನ್ನ ಹಣ ವಾಪಸ್ ಬಾರದ ಟಿಕೆಟ್ ತೆಗೆಯಬೇಡಿ.

ಒಕ್ಕಲು ಮನೆಗಳಿಂದ ಬಂದವರು ಇದನ್ನು ಗಮನಿಸಿ. ಸಂಬಳದ ಮನೆಗೆ ತಿಂಗಳು ತಿಂಗಳು ಹಣ ಬರುತ್ತದೆ. ನಮ್ಮಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತ ಮಾರಿದಾಗ ಒಂದೇ ಸಲ ದೊಡ್ಡ ಮೊತ್ತ ಖಾತೆಗೆ ಬೀಳುತ್ತದೆ. ಅರ್ಜಿಗೆ ಮುಂಚೆ ದಿಢೀರನೆ ಬಂದ ಹಣ ಎಂದರೆ ಸಾಲ ತಂದು ತೋರಿಸಿದ್ದಾರೆಂಬ ಅನುಮಾನ ಹುಟ್ಟುತ್ತದೆ. ಅಪ್ಪನ ಹೆಸರಿನ ಪಹಣಿ, ದಲಾಲಿ ಅಂಗಡಿಯ ಪಟ್ಟಿ, ಹಿಂದಿನ ವರ್ಷವೂ ಅದೇ ಕಾಲಕ್ಕೆ ಹಣ ಬಂದದ್ದನ್ನು ತೋರಿಸುವ ಬ್ಯಾಂಕ್ ಪಾಸ್‌ಬುಕ್ ಇವನ್ನು ಇಂಗ್ಲಿಷ್ ಅನುವಾದದೊಂದಿಗೆ ಲಗತ್ತಿಸಿ, ಖರ್ಚು ಕೊಡುವವರು ತಂದೆ ಎಂದು ಅವರಿಂದಲೇ ಒಂದು ಪತ್ರ ಬರೆಸಿ.

ಹಂತ 9: ನೋಂದಣಿ, ಆಮೇಲೆ ಕೆಲಸ

ಎರಡನೇ ಭಾಗ ಪಾಸಾದ ಎರಡು ವರ್ಷದೊಳಗೆ ನೋಂದಣಿ ಮಾಡಿಸಿ. ಅದಕ್ಕೆ ಎಪಿಕ್ ವರದಿ, ಇಂಟರ್ನ್‌ಶಿಪ್ ದಾಖಲೆ, ಜೊತೆಗೆ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ ಬೇಕು. ನಿಮ್ಮ ಮೇಲೆ ವೃತ್ತಿ ಸಂಬಂಧದ ದೂರು, ಶಿಸ್ತುಕ್ರಮ ಇಲ್ಲವೆಂದು ನಮ್ಮ ಪರಿಷತ್ತಿನ ಕಡೆಯಿಂದ ಬರುವ ಪತ್ರ ಇದು. ಇದಕ್ಕೆ ಮೂರು ತಿಂಗಳ ಆಯಸ್ಸು ಮಾತ್ರ. ಉತ್ಸಾಹದಿಂದ ವರ್ಷ ಮುಂಚೆ ತೆಗೆದಿಟ್ಟರೆ ಮತ್ತೆ ಬೆಂಗಳೂರಿಗೆ ಓಡಬೇಕು.

ಕೆಲಸದ ತಯಾರಿಯನ್ನು ಮಾತ್ರ ಪಾಸಾಗುವವರೆಗೆ ಕಾಯಿಸಬೇಡಿ. ಅಲ್ಲಿನ ಅರ್ಜಿಯಲ್ಲಿ ಆಡಿಟ್ ಮಾಡಿದ್ದೀರಾ ಎಂದು ಕೇಳುತ್ತಾರೆ. ಇದು ಲೆಕ್ಕಪತ್ರದ ಆಡಿಟ್ ಅಲ್ಲ. ವಾರ್ಡಿನ ಒಂದು ಪದ್ಧತಿಯನ್ನು ಮಾನದಂಡದ ಜೊತೆ ಹೋಲಿಸಿ, ಕೊರತೆ ಸರಿಪಡಿಸಿ, ಮತ್ತೆ ಅಳೆದು ನೋಡುವುದು. ಶಸ್ತ್ರಚಿಕಿತ್ಸೆಗೆ ಮುನ್ನ ಆ್ಯಂಟಿಬಯೋಟಿಕ್ ಸರಿಯಾದ ಹೊತ್ತಿಗೆ ಬೀಳುತ್ತಿದೆಯೇ, ಕೇಸ್‌ಶೀಟಿನಲ್ಲಿ ಅಲರ್ಜಿ ಬರೆದಿದ್ದಾರೆಯೇ ಎಂಬುದನ್ನು ಜಿಲ್ಲಾಸ್ಪತ್ರೆಯಲ್ಲೇ 50 ಕೇಸ್‌ಶೀಟ್ ತೆಗೆದು ನೋಡಬಹುದು. ವಿಭಾಗದ ಮುಖ್ಯಸ್ಥರ ಅನುಮತಿ ಪಡೆದು, ಎರಡು ಸುತ್ತು ಮಾಡಿ, ಅವರ ಸಹಿ ಪಡೆದು ಬನ್ನಿ. ಹಣ ಕೊಟ್ಟರೆ ಕೆಲಸ ಖಾತ್ರಿ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಹುದ್ದೆಗಳು ಬಹಿರಂಗವಾಗಿ ಜಾಲತಾಣದಲ್ಲೇ ಪ್ರಕಟವಾಗುತ್ತವೆ, ಅರ್ಜಿ ಹಾಕಲು ಶುಲ್ಕವಿಲ್ಲ.

ಅರ್ಜಿ ಹಾಕುತ್ತ ಕಾಯುವ ತಿಂಗಳುಗಳಲ್ಲಿ ಇಲ್ಲಿನ ಕೆಲಸ ಬಿಡಬೇಡಿ. ರೋಗಿ ನೋಡುವುದಕ್ಕೆ ಬಿಡುವು ಬಿದ್ದಷ್ಟೂ ಸಂದರ್ಶನದಲ್ಲಿ ವಿವರಣೆ ಕೊಡಬೇಕಾಗುತ್ತದೆ. ಕರ್ನಾಟಕದ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ, ಆ ತಾರೀಖನ್ನು ಪಾಸ್‌ಪೋರ್ಟಿನ ಮುಕ್ತಾಯ ದಿನಾಂಕ ಮತ್ತು ಇಂಗ್ಲಿಷ್ ಪರೀಕ್ಷೆಯ ತಾರೀಖಿನ ಜೊತೆ ಒಂದೇ ಹಾಳೆಯಲ್ಲಿ ಬರೆದು ಓದುವ ಮೇಜಿನ ಮೇಲೆ ಅಂಟಿಸಿಕೊಳ್ಳಿ.